ಬಾಡಿಗೆಯ ಗಾಡಿ, ಸ್ವಂತದ ಹೊಣೆ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಿಂದ ಹೊರಟು, ಕಾಮಾಕ್ಷಿಪಾಳ್ಯವನ್ನು ದಾಟಿ, ಸುಂಕದಕಟ್ಟೆಯ ಕಡೆಗೆ ಮಾಗಡಿ ರಸ್ತೆಯನ್ನು ಹಿಡಿದು ಹೋಗುವವರಿಗೆ, ಬೆಳಗಿನ ಹೊತ್ತು ಏರುವ ಮುನ್ನವೇ ರಸ್ತೆಯಂಚಿನಲ್ಲಿ ಬಾಡಿಗೆಯನ್ನು ನಿರೀಕ್ಷಿಸುತ್ತ ನಿಂತಿರುವ ಸಣ್ಣ ಸರಕು ಗಾಡಿಗಳ ಸಾಲು ಕಣ್ಣಿಗೆ ಬೀಳದಿರದು. 2005ರಲ್ಲಿ ಮಾರುಕಟ್ಟೆಗೆ ಬಂದು, ಮುಕ್ಕಾಲು ಟನ್ನಿನ ಭಾರವನ್ನು ಹೊತ್ತು ಎಂತಹ ಇಕ್ಕಟ್ಟಿನ ಗಲ್ಲಿಯಲ್ಲಿಯೂ ನುಸುಳಬಲ್ಲುದೆಂಬ ಕಾರಣದಿಂದ ‘ಛೋಟಾ ಹಾಥಿ’ ಎಂದು ಜನರ ಬಾಯಲ್ಲಿ ನೆಲೆಗೊಂಡ ಟಾಟಾ ಏಸ್, ಅದಕ್ಕಿಂತ ಹಿರಿದಾದ ಪಿಕಪ್, ಅದಕ್ಕೂ ಹಿರಿದಾದ 407, ಇವು ಮೂರೂ ಪಶ್ಚಿಮ ಬೆಂಗಳೂರಿನ ಸಣ್ಣ ಕಾರ್ಖಾನೆಗಳ ಲೇತ್ ಕೆಲಸದ ಬಿಡಿಭಾಗಗಳನ್ನೂ ಮಡಿಸಿದ ತಗಡುಗಳನ್ನೂ ಸಿದ್ಧ ಉಡುಪಿನ ಮೂಟೆಗಳನ್ನೂ, ವಿಜಯನಗರ ಬಸವೇಶ್ವರನಗರಗಳಲ್ಲಿ ಮನೆ ಬದಲಿಸುವ ಕುಟುಂಬಗಳ ಬೀರು ಮಂಚಗಳನ್ನೂ ಅನುದಿನವೂ ಹೊತ್ತು ತಿರುಗುತ್ತಿರುವುವು. ಆದರೆ ಅವುಗಳ ಚಕ್ರದ ಹಿಂದೆ ಕುಳಿತವನು ಗಾಡಿಯ ಒಡೆಯನೇ, ಸಂಬಳದ ಚಾಲಕನೇ, ಅಥವಾ ತಿಂಗಳಿಗಿಷ್ಟು ಎಂದು ಒಡೆಯನಿಗೆ ಕಟ್ಟಿ ಉಳಿದುದನ್ನು ತನ್ನದೆಂದು ಇಟ್ಟುಕೊಳ್ಳುವ ಬಾಡಿಗೆದಾರನೇ ಎಂಬುದು ಹೊರಗಿನಿಂದ ನೋಡುವವರಿಗೆ ತಿಳಿಯುವಂತಿಲ್ಲ. ಈ ಮೂರನೆಯವನ ಆದಾಯವ್ಯಯಗಳನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸುವುದು ಈ ವಾರದ ಅಂಕಣದ ಉದ್ದೇಶ.

ಸ್ವಂತಕ್ಕೆ ಒಂದೇ ಲಾರಿಯನ್ನಿಟ್ಟುಕೊಂಡು ಆರಂಭಿಸಿದವರು ಮುಂದೆ ಮಹತ್ತಾದ ಸಾರಿಗೆ ಸಂಸ್ಥೆಗಳನ್ನು ಕಟ್ಟಿದ ನಿದರ್ಶನ ನಮ್ಮ ನಾಡಿನಲ್ಲಿಯೇ ಉಂಟು. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ತೊಡಗಿದ ಉದ್ಯಮವು ಇಂದು ವಿಆರ್‌ಎಲ್ ಎಂಬ ಹೆಸರಿನಿಂದ ದೇಶದಾದ್ಯಂತ ಪರಿಚಿತವಾಗಿದೆ. ಇಂತಹ ಕಥನಗಳು ತರುಣ ಚಾಲಕರಲ್ಲಿ ಉತ್ಸಾಹವನ್ನು ಹುಟ್ಟಿಸುವುದು ಸಹಜವೂ ಯುಕ್ತವೂ ಆದದ್ದೇ. ಆದರೆ ಅಲ್ಲಿ ಲಾರಿಯು ದುಡಿಯುವವನ ಸ್ವತ್ತಾಗಿತ್ತೆಂಬುದನ್ನು ನೆನಪಿನಲ್ಲಿಡಬೇಕು. ಬಾಡಿಗೆಗೆ ಗಾಡಿಯನ್ನು ಹಿಡಿದವನು ಎಷ್ಟು ವರ್ಷ ದುಡಿದರೂ ಗಾಡಿ ಒಡೆಯನದಾಗಿಯೇ ಉಳಿಯುತ್ತದೆ.

ಈ ಕಸುಬಿಗೆ ಪ್ರವೇಶವು ಸುಲಭವಾದುದು. ಸರಕು ಸಹಿತವಾದ ಒಟ್ಟು ತೂಕವು 3000 ಕಿಲೋಗ್ರಾಮನ್ನು ಮೀರದ ಸರಕು ವಾಹನಕ್ಕೆ 1988ರ ಮೋಟಾರು ವಾಹನ ಕಾಯಿದೆಯ 66ನೆಯ ಪ್ರಕರಣದ ಪ್ರಕಾರ ಪರ್ಮಿಟ್ಟೇ ಬೇಕಾಗಿಲ್ಲ. ಲಘು ವಾಹನದ ಲೈಸೆನ್ಸನ್ನು ಹೊಂದಿದವನು 7500 ಕಿಲೋಗ್ರಾಮಿನೊಳಗಿನ ಸಾರಿಗೆ ವಾಹನವನ್ನು ಬೇರೆ ಅನುಮೋದನೆಯಿಲ್ಲದೆ ಓಡಿಸಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿ, 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠದ ಮೂಲಕ ಮತ್ತೆ ಸ್ಥಿರಪಡಿಸಿತು. ಬಡವನೊಬ್ಬನಿಗೆ ಬಾಗಿಲು ತೆರೆದಿರುವುದು ಒಳ್ಳೆಯದೇ ಸರಿ. ಆದರೆ ಒಳಬರುವುದು ಎಲ್ಲರಿಗೂ ಸುಲಭವಾದ ಕಸುಬಿನಲ್ಲಿ ಬಾಡಿಗೆಯ ದರವು ಮೇಲೇರುವುದು ಕಷ್ಟವೆಂಬುದೂ ಅಷ್ಟೇ ಸಹಜ. ಒಬ್ಬನು ಒಲ್ಲೆನೆಂದ ದರಕ್ಕೆ ಪಕ್ಕದಲ್ಲಿ ನಿಂತವನು ಒಪ್ಪುತ್ತಾನೆ. ಬಾಡಿಗೆ ಗೊತ್ತುಮಾಡುವ ಆ್ಯಪ್‌ಗಳು ಬಂದ ಮೇಲೆ ಆ ಪಕ್ಕದವನ ಮುಖವನ್ನು ಕಾಣುವ ಅವಕಾಶವೂ ಇಲ್ಲ.

ಒಪ್ಪಂದವು ಬಹುಮಟ್ಟಿಗೆ ಬಾಯಿಮಾತಿನದು. ಡೀಸೆಲ್, ಪಂಕ್ಚರ್, ಗ್ರೀಸಿಂಗ್, ಟೋಲು, ಪಾರ್ಕಿಂಗು ಹಾಗೂ ಸಂಚಾರ ಪೊಲೀಸರ ದಂಡಗಳೆಲ್ಲವೂ ಚಾಲಕನ ಪಾಲಿಗೆ, ಇನ್ಶೂರೆನ್ಸ್, ಎಫ್.ಸಿ., ತೆರಿಗೆ, ಟೈರು, ಎಂಜಿನ್ನಿನ ದೊಡ್ಡ ಕೆಲಸ ಇವು ಒಡೆಯನ ಪಾಲಿಗೆ ಎಂಬುದು ಎರಡು ಕಡೆಯವರೂ ಸಾಮಾನ್ಯವಾಗಿ ಅಂಗೀಕರಿಸಿಕೊಂಡಿರುವ ವಿಭಾಗ. ಕಲಹವು ಹುಟ್ಟುವುದು ಇವೆರಡರ ನಡುವೆ ಬೀಳುವ ವೆಚ್ಚಗಳಲ್ಲಿ. ಕ್ಲಚ್ ಪ್ಲೇಟು ಸವೆದರೆ ಅದು ಗಾಡಿಯ ವಯಸ್ಸಿನ ಫಲವೇ, ಓಡಿಸಿದವನ ಕಾಲಿನ ದೋಷವೇ? ಬ್ಯಾಟರಿ ಸತ್ತರೆ ಹೊಸದನ್ನು ತರಬೇಕಾದವರು ಯಾರು? ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳಿಗೂ ಬಾಡಿಗೆ ಸಲ್ಲಬೇಕೆ? ಆರಂಭದಲ್ಲಿ ಕೊಟ್ಟ ಅಡ್ವಾನ್ಸಿನಿಂದ ಇವನ್ನೆಲ್ಲ ಮುರಿದುಕೊಳ್ಳುವ ಅಧಿಕಾರ ಒಡೆಯನಿಗೆ ಉಂಟೆ? ಗಾಡಿಯ ಕೀಲಿಯನ್ನು ಕೈಗೆ ತೆಗೆದುಕೊಳ್ಳುವ ದಿನದ ಸಂತೋಷದಲ್ಲಿ ಈ ಪ್ರಶ್ನೆಗಳನ್ನು ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ.

ಲೆಕ್ಕಕ್ಕೆ ಬರೋಣ. ಮುಂದಿನ ಅಂಕಿಗಳು ಉದಾಹರಣೆಗಾಗಿ ನಾನು ಹಾಕಿಕೊಂಡವು. ಓದುಗರು ತಮ್ಮ ತಮ್ಮ ಅನುಭವದ ಅಂಕಿಗಳನ್ನು ಅವುಗಳ ಸ್ಥಾನದಲ್ಲಿರಿಸಿ ನೋಡಬಹುದು. ಟಾಟಾ ಏಸ್ ಗಾಡಿಯೊಂದಕ್ಕೆ ತಿಂಗಳ ಬಾಡಿಗೆ 16,000 ರೂಪಾಯಿ ಎಂದಿರಲಿ. ತಿಂಗಳಲ್ಲಿ 25 ದಿನ ದುಡಿಮೆ, ದಿನಕ್ಕೆ 2,400 ರೂಪಾಯಿ ಕಲೆಕ್ಷನ್, ಒಟ್ಟು 60,000. ಈ ಮೊತ್ತವನ್ನು ಕೇಳಿದೊಡನೆಯೇ ಮನೆಯವರೂ ನೆಂಟರೂ ಇವನ ತಿಂಗಳ ಸಂಪಾದನೆ ಅರುವತ್ತು ಸಾವಿರವೆಂದು ಎಣಿಸುವರು, ಕೆಲವೊಮ್ಮೆ ಅವನೂ ಹಾಗೆಯೇ ಎಣಿಸುವನು. ಖಾಲಿ ಓಟವೂ ಸೇರಿ ದಿನಕ್ಕೆ 90 ಕಿಲೋಮೀಟರ್ ಓಡಿ, ನಗರದ ದಟ್ಟಣೆಯಲ್ಲಿ ಲೀಟರಿಗೆ 15 ಕಿಲೋಮೀಟರ್ ಬಂದರೆ, ದಿನಕ್ಕೆ ಆರು ಲೀಟರ್ ಡೀಸೆಲ್ ಬೇಕು. ಲೀಟರಿಗೆ 91 ರೂಪಾಯಿಯಂತೆ ತಿಂಗಳಿಗೆ 13,650 ರೂಪಾಯಿ. ಆ್ಯಪ್ಪಿನವರಿಗೋ ಬ್ರೋಕರಿಗೋ ನೂರಕ್ಕೆ ಹತ್ತರಂತೆ 6,000. ಸಣ್ಣಪುಟ್ಟ ರಿಪೇರಿ, ಪಂಕ್ಚರ್, ಆಯಿಲ್ಲಿಗಾಗಿ 2,500. ಟೋಲು, ಪಾರ್ಕಿಂಗು, ದಂಡಕ್ಕೆ 1,850. ಇವುಗಳೊಡನೆ ಬಾಡಿಗೆಯನ್ನು ಸೇರಿಸಿದರೆ ವೆಚ್ಚವು ಸರಿಯಾಗಿ 40,000 ಆಗುವುದು. ಕೈಯಲ್ಲಿ ಉಳಿಯುವುದು 20,000.

ಇದು ಒಳ್ಳೆಯ ತಿಂಗಳಿನ ಮಾತು. ಜ್ವರದಿಂದಲೋ ಗ್ಯಾರೇಜಿನ ಕೆಲಸದಿಂದಲೋ ಐದು ದಿನ ಗಾಡಿ ನಿಂತಿತೆನ್ನಿ. ಕಲೆಕ್ಷನ್ 48,000ಕ್ಕೆ ಇಳಿಯುವುದು. ಡೀಸೆಲ್, ಕಮಿಷನ್ ಮತ್ತು ಟೋಲುಗಳು ಅದೇ ಪ್ರಮಾಣದಲ್ಲಿ ಇಳಿಯುವುವು. ಬಾಡಿಗೆ ಮತ್ತು ರಿಪೇರಿ ಇಳಿಯಲಾರವು. ವೆಚ್ಚ 35,700 ಆಗಿ, ಉಳಿಕೆ 12,300ಕ್ಕೆ ಬಂದು ನಿಲ್ಲುವುದು. ದುಡಿಮೆಯು ಐದನೆಯ ಒಂದು ಪಾಲು ಕುಗ್ಗಿದರೆ ಸಂಪಾದನೆಯು ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲು ಕುಗ್ಗಿತು! ಬಾಡಿಗೆಯ ಗಾಡಿಯ ಅರ್ಥಶಾಸ್ತ್ರದ ತಿರುಳೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆಯೆಂದು ನಾನು ತಿಳಿದಿದ್ದೇನೆ. ವ್ಯಾಪಾರದ ಏರಿಳಿತಗಳನ್ನೆಲ್ಲ ಒಡೆಯನಿಂದ ಕಳಚಿ ಚಾಲಕನ ತಲೆಯ ಮೇಲೆ ಹೊರಿಸುವುದೇ ಸ್ಥಿರವಾದ ಬಾಡಿಗೆಯ ನಿಜವಾದ ಕಾರ್ಯ.

ಆ ಏರಿಳಿತಗಳಾದರೂ ಅನಿರೀಕ್ಷಿತವಾದುವಲ್ಲ. ಪಂಚಾಂಗವನ್ನು ಬಲ್ಲವರು ಅವುಗಳಲ್ಲಿ ಕೆಲವನ್ನು ಮುಂದಾಗಿಯೇ ಹೇಳಬಲ್ಲರು. ಆಷಾಢದಲ್ಲಿ ನಮ್ಮವರು ಗೃಹಪ್ರವೇಶ ಮಾಡುವುದಿಲ್ಲ, ಸಾಧ್ಯವಾದಮಟ್ಟಿಗೆ ಮನೆಯನ್ನೂ ಬದಲಿಸುವುದಿಲ್ಲ, ಧನುರ್ಮಾಸದಲ್ಲಿಯೂ ಹಾಗೆಯೇ. ಮನೆ ಸಾಮಾನು ಸಾಗಿಸುವುದನ್ನೇ ಹೆಚ್ಚಾಗಿ ನಂಬಿದ ಬಸವೇಶ್ವರನಗರದ ಚಾಲಕನಿಗೆ ಈ ಎರಡು ಮಾಸಗಳು ಬಿಗಿಯಾದುವು. ಶಾಲೆಗಳಿಗೆ ಬೇಸಗೆಯ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಅವನಿಗೆ ಬಿಡುವೇ ಇರುವುದಿಲ್ಲ. ಆಯುಧಪೂಜೆಯ ಮುಂಚಿನ ನಾಲ್ಕಾರು ದಿನಗಳಲ್ಲಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆಗಳನ್ನು ಮಾರುಕಟ್ಟೆಯಿಂದ ಬಡಾವಣೆಗಳಿಗೆ ಸಾಗಿಸುವ ಲೋಡುಗಳು ಸಾಲುಗಟ್ಟುವುವು. ಹಬ್ಬ ಕಳೆದ ಮೇಲೆ, ಊರಿಗೆ ಹೋದ ಕಾರ್ಮಿಕರು ಹಿಂದಿರುಗುವ ತನಕ ಕಾರ್ಖಾನೆಗಳ ಲೋಡು ಇರುವುದಿಲ್ಲ. ಬಾಡಿಗೆಯ ತಾರೀಖು ಮಾತ್ರ ಎಲ್ಲ ಮಾಸಗಳಲ್ಲಿಯೂ ಒಂದೇ.

ಖಾಲಿ ಓಟದ ವಿಚಾರವು ಇನ್ನೂ ಸೂಕ್ಷ್ಮವಾದದ್ದು. ರಾಜಾಜಿನಗರದಿಂದ ಕೆಂಗೇರಿಗೆ ಒಂದು ಲೋಡು ದೊರೆಯಿತೆಂದರೆ, ಕೊಡುವವರು ಹೋಗುವ ದಾರಿಗೆ ಮಾತ್ರ ಬಾಡಿಗೆ ಕೊಡುವರು; ಅಲ್ಲಿಂದ ರಿಟರ್ನ್ ಲೋಡು ಸಿಗದಿದ್ದರೆ ಬರುವ ದಾರಿಯ ಡೀಸೆಲ್ ಚಾಲಕನದೇ. ಕೆಂಗೇರಿಯಿಂದ ಮಾಗಡಿ ರಸ್ತೆಗೂ ತುಮಕೂರು ರಸ್ತೆಗೂ ನೈಸ್ ರಸ್ತೆಯಲ್ಲಿ ಹೋದರೆ ಸಮಯ ಉಳಿಯುವುದು, ಟೋಲು ತೆರಬೇಕಾಗುವುದು; ನಾಯಂಡಹಳ್ಳಿಯ ಮೂಲಕ ನಗರದೊಳಗೆ ಹೋದರೆ ಟೋಲು ಉಳಿಯುವುದು, ಡೀಸೆಲ್ಲೂ ಹೊತ್ತೂ ಕರಗುವುವು. ಲೋಡು ತುಂಬಿದಾಗ ಗಿರಾಕಿಯು ಟೋಲನ್ನು ಕೊಡುವನಾದರೆ ನೈಸ್ ರಸ್ತೆ, ಖಾಲಿ ಬರುವಾಗ ಒಳದಾರಿ ಎಂಬುದು ಅನುಭವಸ್ಥರ ರೂಢಿ. ಬೆಳಗು ಸಂಜೆಗಳ ದಟ್ಟಣೆಯ ವೇಳೆಯಲ್ಲಿ ಪ್ರಮುಖ ರಸ್ತೆಗಳಲ್ಲಿ ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ, ದಿನದ ಹನ್ನೆರಡು ಗಂಟೆ ಗಾಡಿಯೊಡನಿದ್ದರೂ ನಿಜವಾಗಿ ಹಣವನ್ನು ತರುವ ಗಂಟೆಗಳು ಅದರ ಅರ್ಧಕ್ಕೆ ಇಳಿಯಬಹುದು. ಇನ್ನು ರಸ್ತೆಯೇ ಮುಚ್ಚಿದರೆ? ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯು ಕೇಬಲ್ಲುಗಳ ದೋಷದಿಂದಾಗಿ 2021ರ ಡಿಸೆಂಬರಿನಲ್ಲಿ ಮುಚ್ಚಲ್ಪಟ್ಟು, ಲಘು ವಾಹನಗಳಿಗೆ ಮುಂದಿನ ಫೆಬ್ರವರಿಯಲ್ಲಿ ತೆರೆಯಿತಾದರೂ, ಭಾರಿ ವಾಹನಗಳಿಗೆ 2024ರ ಜುಲೈ ಕೊನೆಯ ತನಕ, ಅಂದರೆ ಎರಡೂವರೆ ವರ್ಷಗಳಿಗೂ ಮಿಕ್ಕಿ, ಲಭ್ಯವಿರಲಿಲ್ಲ. ಅಷ್ಟು ಕಾಲವೂ ಗೊರಗುಂಟೆಪಾಳ್ಯದ ಸೇವಾರಸ್ತೆಯಲ್ಲಿ ತೆವಳುತ್ತಿದ್ದ ಲಾರಿಗಳ ಚಾಲಕರಲ್ಲಿ ಬಾಡಿಗೆ ಕಟ್ಟುತ್ತಿದ್ದವರಿಗೆ ಆ ಗಂಟೆಗಳ ಬೆಲೆಯನ್ನು ಯಾರೂ ತುಂಬಿಕೊಡಲಿಲ್ಲ.

ಡೀಸೆಲ್ಲಿನ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯ ಸರ್ಕಾರವು 2024ರ ಜೂನಿನಲ್ಲಿ ಏರಿಸಿದಾಗ ಲೀಟರಿಗೆ ಸುಮಾರು ಮೂರು ರೂಪಾಯಿ, 2025ರ ಏಪ್ರಿಲ್ 1ರಿಂದ ಶೇಕಡಾ 21.17ಕ್ಕೆ ಏರಿಸಿದಾಗ ಮತ್ತೆರಡು ರೂಪಾಯಿ ಹೆಚ್ಚಾಯಿತು. ನಮ್ಮ ಉದಾಹರಣೆಯ ಗಾಡಿಗೆ ತಿಂಗಳಿಗೆ 150 ಲೀಟರ್ ಬೇಕಷ್ಟೆ. ಈ ಐದು ರೂಪಾಯಿಯಿಂದ ವರ್ಷಕ್ಕೆ 9,000 ರೂಪಾಯಿ ಚಾಲಕನ ಉಳಿಕೆಯಿಂದ ಹೋಯಿತು. ಆ ಏಪ್ರಿಲಿನಲ್ಲಿಯೇ ರಾಜ್ಯದ ಲಾರಿ ಮಾಲೀಕರ ಮತ್ತು ಏಜೆಂಟರ ಸಂಘಗಳ ಒಕ್ಕೂಟವು ಮುಷ್ಕರವನ್ನು ಹೂಡಿತು, ಕೆಲವು ದಿನಗಳ ಮಾತುಕತೆಯ ಬಳಿಕ ಹಿಂತೆಗೆದುಕೊಂಡಿತು. ಅವರ ಅಹವಾಲು ನ್ಯಾಯವಾದುದೇ. ಆದರೂ ಬಾಡಿಗೆಯ ಒಪ್ಪಂದದಲ್ಲಿ ಡೀಸೆಲ್ಲಿನ ಏರಿಕೆಯನ್ನು ಮೊದಲು ಹೊರುವವನು ಮಾಲೀಕನಲ್ಲ, ಬಾಡಿಗೆದಾರ ಚಾಲಕನು. ಮಾಲೀಕರ ಒಕ್ಕೂಟದಂತೆ ಅವನ ಪರವಾಗಿ ಸರ್ಕಾರದೊಡನೆ ಮಾತನಾಡುವವರು ಬೇಕಲ್ಲವೆ?

ಒಡೆಯನ ಪಕ್ಷವನ್ನೂ ಕೇಳಬೇಕಾದುದು ಧರ್ಮ. ಐದು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಗೆ ನಾಲ್ಕು ವರ್ಷಕ್ಕೆ ತಂದಿದ್ದರೆ ತಿಂಗಳ ಕಂತು ಸುಮಾರು 12,680 ರೂಪಾಯಿ ಆಗುವುದು. ಇದರ ಮೇಲೆ, 7500 ಕಿಲೋಗ್ರಾಮಿನೊಳಗಿನ ಸರಕು ವಾಹನಕ್ಕೆ 2022ರ ಜೂನಿನಿಂದ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ಕಂತೇ ವರ್ಷಕ್ಕೆ 16,049 ರೂಪಾಯಿ, ಅದಕ್ಕೆ ತೆರಿಗೆ ಬೇರೆ. ಗಾಡಿಗೆ ಎಂಟು ವರ್ಷವಾಗುವ ತನಕ ಎರಡು ವರ್ಷಕ್ಕೊಮ್ಮೆ, ಆನಂತರ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು, ಟೈರುಗಳಿವೆ, ವರ್ಷ ವರ್ಷಕ್ಕೂ ಗಾಡಿಯ ಬೆಲೆ ಕುಗ್ಗುವುದಿದೆ. ಆದುದರಿಂದ 16,000 ರೂಪಾಯಿ ಬಾಡಿಗೆಯು ಸುಲಿಗೆಯೆಂದು ಹೇಳುವುದು ಅನ್ಯಾಯವಾದೀತು. ಹೇಳಬೇಕಾದುದು ಇಷ್ಟು: ನಾಲ್ಕು ವರ್ಷಗಳಲ್ಲಿ ಚಾಲಕನು 7,68,000 ರೂಪಾಯಿಯನ್ನು ಕಟ್ಟಿ ಗಾಡಿಯ ಸಾಲವನ್ನು ತೀರಿಸಿಕೊಡುವನು, ತೀರಿದ ಮೇಲೆ ಗಾಡಿ ಉಳಿಯುವುದು ಒಡೆಯನಿಗೆ. ಹಾಗಾದರೆ ಚಾಲಕನೇ ಸಾಲವನ್ನು ತರಬಾರದೇಕೆ ಎಂದರೆ, ಡೌನ್ ಪೇಮೆಂಟಿಗೆ ಹಣವಿಲ್ಲ, ಜಾಮೀನು ನಿಲ್ಲುವವರಿಲ್ಲ, ಸ್ವಂತ ಮನೆಯ ವಿಳಾಸವಿಲ್ಲ. ಬಾಡಿಗೆಯ ಪದ್ಧತಿಯಲ್ಲಿ ಒಂದು ಗುಣವಿರುವುದನ್ನೂ ಮರೆಯಲಾಗದು. ವ್ಯಾಪಾರ ಕೈಗೂಡದಿದ್ದರೆ ಕೀಲಿಯನ್ನು ಹಿಂದಕ್ಕೆ ಕೊಟ್ಟು ಹೊರಬರಬಹುದು. ಕಂತು ತಪ್ಪಿತೆಂದು ಫೈನಾನ್ಸಿನವರು ನಡುರಸ್ತೆಯಲ್ಲಿ ಗಾಡಿಯನ್ನು ಸೀಜ್ ಮಾಡುವ ಅಪಮಾನವಿಲ್ಲ. ಒಂದೆರಡು ವರ್ಷ ಕಸುಬನ್ನು ಕಲಿತು, ಗಿರಾಕಿಗಳನ್ನು ಸಂಪಾದಿಸಿಕೊಂಡು, ಆಮೇಲೆ ಸ್ವಂತ ಗಾಡಿಗೆ ಹೋಗುವವನಿಗೆ ಇದು ಸೋಪಾನವಾಗಬಲ್ಲುದು.

ಎಂತಾದರೂ ತುಲನೆಗೆ ಒಂದೇ ಅಳತೆಗೋಲು ಸರಿಯಾದುದು: ಇದೇ ಗಾಡಿಯನ್ನು ಸಂಬಳಕ್ಕೆ ಓಡಿಸಿದ್ದರೆ ಏನು ದೊರೆಯುತ್ತಿತ್ತು? ದಿನಕ್ಕೆ 12 ಗಂಟೆಯಂತೆ 25 ದಿನಕ್ಕೆ 300 ಗಂಟೆ. 20,000 ರೂಪಾಯಿ ಉಳಿದರೆ ಗಂಟೆಗೆ 67 ರೂಪಾಯಿಗಿಂತ ಕೊಂಚ ಕಡಿಮೆ. ಐದು ದಿನ ನಿಂತ ತಿಂಗಳಲ್ಲಿ ಅದು ಗಂಟೆಗೆ 51 ರೂಪಾಯಿಗೆ ಇಳಿಯುವುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿದ್ದುದು ಕೂಲಿಯಾಳಿಗೆ; ತನಗೆ ತಾನೇ ಯಜಮಾನನೆಂದು ಭಾವಿಸಿಕೊಂಡವನ ಗಂಟೆಗಳನ್ನು ಎಣಿಸುವವರು ಯಾರೂ ಇಲ್ಲ. ಉಳಿಕೆಯು ಸಂಬಳಕ್ಕಿಂತ ಸ್ಪಷ್ಟವಾಗಿ ಮೇಲಿರದಿದ್ದರೆ, ಅವನು ಒಡೆಯನ ವ್ಯಾಪಾರದ ಅಪಾಯವನ್ನು ಪುಕ್ಕಟೆಯಾಗಿ ಹೊತ್ತಂತಾಗುವುದು.

ಹಣಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ. ಇದನ್ನು ಬಲ್ಲವರು ಕಡಿಮೆ. ಸಂಬಳದ ಚಾಲಕನು ಕೆಲಸದಲ್ಲಿದ್ದಾಗ ಅಪಘಾತದಿಂದ ಮೃತನಾದರೆ, ಕಾರ್ಮಿಕ ಕಾನೂನಿನ ಪ್ರಕಾರ ಅವನ ಕುಟುಂಬಕ್ಕೆ ಒಡೆಯನು ಪರಿಹಾರವನ್ನು ಕೊಡಬೇಕು, ಆ ಹೊಣೆಯನ್ನು ಗಾಡಿಯ ವಿಮೆಯು ಹೊರುತ್ತದೆ. ಒಡೆಯನೇ ಓಡಿಸುತ್ತಿದ್ದರೆ, ಆರ್.ಸಿ.ಯಲ್ಲಿ ಅವನ ಹೆಸರಿರುವುದರಿಂದ, ಮಾಲೀಕ ಚಾಲಕನಿಗೆಂದು 2018ರಿಂದ 15 ಲಕ್ಷ ರೂಪಾಯಿಗೆ ಏರಿಸಲ್ಪಟ್ಟ ವೈಯಕ್ತಿಕ ಅಪಘಾತ ವಿಮೆಯುಂಟು. ಬಾಡಿಗೆದಾರನಾದರೋ ಸಂಬಳದವನೂ ಅಲ್ಲ, ಆರ್.ಸಿ.ಯಲ್ಲಿ ಹೆಸರುಳ್ಳವನೂ ಅಲ್ಲ. ಇಳಕಲ್ಲಿನಿಂದ ತನ್ನ ಊರಿಗೆ ಎರವಲು ಮೋಟಾರು ಸೈಕಲ್ಲಿನಲ್ಲಿ ಹೊರಟವನೊಬ್ಬನು ಮುಂದಿದ್ದ ಎತ್ತಿನ ಗಾಡಿಗೆ ಬಡಿದು ಮೃತನಾದ ಪ್ರಕರಣದಲ್ಲಿ, ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುವನಾದ್ದರಿಂದ, ತಪ್ಪು ಯಾರದೆಂಬುದನ್ನು ಸಾಧಿಸದೆಯೇ ಪರಿಹಾರ ಕೊಡುತ್ತಿದ್ದ, ಮೋಟಾರು ವಾಹನ ಕಾಯಿದೆಯ ಅಂದಿನ 163ಎ ಪ್ರಕರಣದಡಿ ಅವನ ವಾರಸುದಾರರು ಆ ವಾಹನದ ವಿಮೆಯಿಂದ ಪರಿಹಾರ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಮಾನಿಸಿತು. ಮೋಟಾರು ವಾಹನ ಕಾಯಿದೆಯ 2(30) ಪ್ರಕರಣವಂತೂ ಗುತ್ತಿಗೆಯ ಕರಾರಿನಡಿ ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡವನನ್ನು ‘ಮಾಲೀಕ’ನ ಪರಿಭಾಷೆಯೊಳಗೇ ಸೇರಿಸುತ್ತದೆ. ಮಾಲೀಕತ್ವದ ಸ್ವತ್ತು ದೊರೆಯದವನಿಗೆ ಮಾಲೀಕತ್ವದ ಹೊಣೆ ಮಾತ್ರ ಅಂಟಿಕೊಳ್ಳುವ ಈ ಸ್ಥಿತಿಯನ್ನು ನೆನೆದಾಗ ಮನಸ್ಸಿಗೆ ಕಳವಳವಾಗುತ್ತದೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಎರಡು ಲಕ್ಷ ರೂಪಾಯಿ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಪ್ರತಿಯೊಬ್ಬ ಬಾಡಿಗೆದಾರ ಚಾಲಕನೂ ಮಾಡಿಸಿಕೊಳ್ಳತಕ್ಕದ್ದು; ಕೈಲಾದವರು ಅದಕ್ಕಿಂತ ದೊಡ್ಡ ಅಪಘಾತ ವಿಮೆಯನ್ನು ತೆಗೆದುಕೊಳ್ಳತಕ್ಕದ್ದು.

ಇದು ನಮ್ಮೊಬ್ಬರ ಸಂಕಟವಲ್ಲ. ಅಮೆರಿಕದ ಲಾಸ್ ಏಂಜಲೀಸ್ ಬಂದರಿನಲ್ಲಿ 2008ರ ಸುಮಾರಿಗೆ ಹೊಗೆಯುಗುಳುವ ಹಳೆಯ ಟ್ರಕ್ಕುಗಳನ್ನು ನಿಷೇಧಿಸಿದಾಗ, ಹೊಸ ಟ್ರಕ್ಕುಗಳ ವೆಚ್ಚವನ್ನು ಸಾರಿಗೆ ಕಂಪನಿಗಳು ಗುತ್ತಿಗೆಯ ಕರಾರುಗಳ ಮೂಲಕ ಚಾಲಕರಿಗೆ ದಾಟಿಸಿದುವು. ವಾರವಿಡೀ ದುಡಿದರೂ ಕಡಿತಗಳೆಲ್ಲ ಆದ ಮೇಲೆ ಕೆಲವರ ಕೈಗೆ ಏನೂ ಬಾರದೆ ಹೋದುದನ್ನು ಯುಎಸ್‌ಎ ಟುಡೇ ಪತ್ರಿಕೆಯು 2017ರಲ್ಲಿ ಬಯಲಿಗೆಳೆಯಿತು. ಆ ದೇಶದ ಸರ್ಕಾರವು ನೇಮಿಸಿದ ಟ್ರಕ್ ಗುತ್ತಿಗೆಯ ಕಾರ್ಯಪಡೆಯು, ಕಂಪನಿಯೇ ಟ್ರಕ್ಕನ್ನೂ ಕೊಟ್ಟು ಕೆಲಸವನ್ನೂ ಕೊಡುವ ಗುತ್ತಿಗೆ ಖರೀದಿಯ ಪದ್ಧತಿಯನ್ನು ನಿಷೇಧಿಸಬೇಕೆಂದು 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ವಿದ್ಯುತ್ ಚಾಲಿತ ಸರಕು ಗಾಡಿಗಳು ತಿಂಗಳ ಬಾಡಿಗೆಯ ಲೆಕ್ಕದಲ್ಲಿ ನಮ್ಮ ಬಡಾವಣೆಗಳಿಗೂ ಬರುತ್ತಿರುವ ಈ ಹೊತ್ತಿನಲ್ಲಿ ಅಲ್ಲಿನ ಅನುಭವವನ್ನು ಗಮನಿಸುವುದು ವಿಹಿತ. ಬಾಡಿಗೆಯನ್ನು ವಸೂಲು ಮಾಡುವವನೂ ಟ್ರಿಪ್ಪುಗಳನ್ನು ಹಂಚುವವನೂ ಒಬ್ಬನೇ ಆದಾಗ ಚಾಲಕನಿಗೆ ಇಲ್ಲವೆನ್ನುವ ಸ್ವಾತಂತ್ರ್ಯವೇ ಇರುವುದಿಲ್ಲ.

ನಮ್ಮ ರಾಜ್ಯವು 2025ರಲ್ಲಿ ಜಾರಿಗೆ ತಂದ ಗಿಗ್ ಕಾರ್ಮಿಕರ ಕಾಯಿದೆಯು ಆ್ಯಪ್ ಸಂಸ್ಥೆಗಳಿಂದ ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇಕಡಾ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕವನ್ನು ಸಂಗ್ರಹಿಸಲು ಅವಕಾಶವನ್ನಿತ್ತಿದೆ. ಕಡಿತಗಳಿಗೆ ಕಾರಣವನ್ನು ತಿಳಿಸಬೇಕೆಂದೂ ವಿಧಿಸಿದೆ. ಆ್ಯಪ್ಪಿನ ಮತ್ತು ಚಾಲಕನ ನಡುವಿನ ಸಂಬಂಧಕ್ಕೆ ಇದು ಒಂದು ಕಟ್ಟುಪಾಡು. ಗಾಡಿಯ ಒಡೆಯನ ಮತ್ತು ಬಾಡಿಗೆದಾರನ ನಡುವಿನ ಸಂಬಂಧವು ಈಗಲೂ ಅವರಿಬ್ಬರ ಬಾಯಿಮಾತಿನ ಮೇಲೆಯೇ ನಿಂತಿದೆ. ಆದುದರಿಂದ ಗಾಡಿ ಹಿಡಿಯುವ ಮುನ್ನ, ಕನ್ನಡದಲ್ಲಿ ಬರೆದ ಕರಾರುಪತ್ರವೊಂದನ್ನು ಮಾಡಿಕೊಂಡು, ಅಡ್ವಾನ್ಸಿಗೆ ರಸೀದಿ ಪಡೆದು, ಕ್ಲಚ್ ಬ್ರೇಕು ಬ್ಯಾಟರಿಗಳ ವೆಚ್ಚ ಯಾರದೆಂಬುದನ್ನು ಅದರಲ್ಲಿ ಕಾಣಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಬಾಡಿಗೆಯನ್ನು ತಿಂಗಳಿನ ಮೇಲಲ್ಲದೆ ಗಾಡಿ ಓಡಿದ ದಿನಗಳ ಮೇಲೆ ನಿಗದಿಪಡಿಸಬೇಕು. ಹಿಂದಿನ ಲೆಕ್ಕವನ್ನೇ ತೆಗೆದುಕೊಂಡರೆ ದಿನಕ್ಕೆ 640 ರೂಪಾಯಿ ಆಗುವುದು. ಐದು ದಿನ ನಿಂತ ತಿಂಗಳಲ್ಲಿ ಆಗ ಚಾಲಕನಿಗೆ 12,300ರ ಬದಲು 15,500 ರೂಪಾಯಿ ಉಳಿಯುವುದು. ಒಡೆಯನಿಗೆ 12,800 ರೂಪಾಯಿ ಸಲ್ಲುವುದು, ಆ ತಿಂಗಳ ಅವನ ಸಾಲದ ಕಂತಿಗೆ ಅಷ್ಟು ಸಾಕಾಗುವುದು.